ಪದ ಪರಿಚಯ: ಪ್ರಕೃತಿ ವಿಕೋಪ

ಕೊಡಗಿನಲ್ಲಿ ಮಳೆ ಜೋರಾದಾಗಲೆಲ್ಲ ಈ ಪದ ಎರಡು ಬಗೆಯಲ್ಲಿ ಕಿವಿಗೆ ಬೀಳುತ್ತದೆ. ಒಬ್ಬರು ಹೇಳುತ್ತಾರೆ, ‘ಇದು ಪ್ರಕೃತಿ ವಿಕೋಪ, ಯಾರನ್ನು ದೂರಿ ಏನು ಫಲ?’ ಇನ್ನೊಬ್ಬರು ಉತ್ತರ ಕೊಡುತ್ತಾರೆ, ‘ಪ್ರಕೃತಿ ವಿಕೋಪವೇ ಅಲ್ಲ, ಇದು ಹವಾಮಾನ ವೈಪರೀತ್ಯ.’ ಈಚೆಗೆ ಇವೆರಡನ್ನೂ ಒಂದೇ ವರದಿಯಲ್ಲಿ ಒಂದರ ಕೆಳಗೊಂದು ಓದಬೇಕಾಯಿತು. ಇಬ್ಬರ ವಾದವೂ ಒಂದೇ ತಪ್ಪಿನ ಮೇಲೆ ನಿಂತಿದೆ. ಪ್ರಕೃತಿ ವಿಕೋಪ ಎಂದರೆ ಮನುಷ್ಯರ ಕೈ ತಾಗದ ಘಟನೆ ಎಂದು ಇಬ್ಬರೂ ಒಪ್ಪಿಕೊಂಡೇ ಜಗಳಕ್ಕಿಳಿದಿದ್ದಾರೆ. ಪದಕ್ಕೆ ಆ ಅರ್ಥವಿಲ್ಲ.

ತೊಂದರೆ ಶುರುವಾಗುವುದು ‘ಕೋಪ’ದಿಂದ. ಆ ಎರಡಕ್ಷರ ಕಂಡ ಕೂಡಲೇ ‘ಮುನಿದ ಪ್ರಕೃತಿ’, ‘ಕಾವೇರಿಯ ಮುನಿಸು’ ಎಂಬ ತಲೆಬರಹಗಳು ಹುಟ್ಟುತ್ತವೆ. ಆದರೆ ಮೂಲದ ‘ಕುಪ್’ ಧಾತುವಿನ ಹಳೆಯ ಅರ್ಥ ಸಿಟ್ಟಲ್ಲ. ಕದಲು, ಅಲುಗು, ಕಲಕಿಹೋಗು ಎಂದು. ಋಗ್ವೇದದ ಎರಡನೆಯ ಮಂಡಲದ ಹನ್ನೆರಡನೆಯ ಸೂಕ್ತದಲ್ಲಿ ಇಂದ್ರನನ್ನು ಹೊಗಳುವಾಗ, ನಡುಗುತ್ತಿದ್ದ ಭೂಮಿಯನ್ನು ಗಟ್ಟಿಗೊಳಿಸಿದವನು, ‘ಪ್ರಕುಪಿತ’ವಾದ ಪರ್ವತಗಳನ್ನು ನೆಲೆಗೊಳಿಸಿದವನು ಎನ್ನುತ್ತಾರೆ. ಆ ಪರ್ವತಗಳು ಸಿಟ್ಟಾಗಿರಲಿಲ್ಲ, ನಿಂತ ನೆಲೆ ತಪ್ಪಿ ಕದಲುತ್ತಿದ್ದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಜರಿದು ಒಂದಿಡೀ ಮನೆಯನ್ನು ಅದರಲ್ಲಿದ್ದವರ ಸಮೇತ ಹೂತುಹಾಕಿತಲ್ಲ, ಅದಕ್ಕೆ ಇದಕ್ಕಿಂತ ಸರಿಯಾದ ಮಾತು ಸಿಗಲಾರದು.

ಆಯುರ್ವೇದ ಈ ಧಾತುವನ್ನು ಇನ್ನೂ ಕರಾರುವಾಕ್ಕಾಗಿ ಬಳಸಿತು. ರೋಗ ಬೆಳೆಯುವುದಕ್ಕೆ ಸುಶ್ರುತ ಹೇಳುವ ಆರು ಹಂತಗಳಲ್ಲಿ ದೋಷದ, ಅಂದರೆ ವಾತ, ಪಿತ್ತ, ಕಫಗಳ ‘ಪ್ರಕೋಪ’ ಎರಡನೆಯದು, ಮೊದಲನೆಯದು ‘ಸಂಚಯ’. ಕೂಡಿಕೊಳ್ಳದೆ ಕೆರಳುವುದಿಲ್ಲ ಎಂಬುದು ಅಲ್ಲಿನ ಲೆಕ್ಕ. ಕನ್ನಡದ ಆಡುಮಾತಿಗೂ ಇದು ಚೆನ್ನಾಗಿ ಗೊತ್ತು. ಕಾಯಿಲೆ ವಿಕೋಪಕ್ಕೆ ತಿರುಗಿತು, ಜಗಳ ವಿಕೋಪಕ್ಕೆ ಹೋಯಿತು, ಪರಿಸ್ಥಿತಿ ವಿಕೋಪಕ್ಕೆ ಹೋಗುವ ಮುನ್ನ ಪೊಲೀಸರು ಬಂದರು ಅನ್ನುತ್ತೇವೆ. ಮೊದಲೇ ಇದ್ದದ್ದೊಂದು ಹದ ಮೀರಿತು ಎಂದೇ ಇಲ್ಲೆಲ್ಲ ಅರ್ಥ ಮಾಡಿಕೊಳ್ಳುತ್ತೇವೆ. ‘ಹೋಗುವ ಮುನ್ನ’ ಎಂಬ ಮಾತಿಗೆ ಅಲ್ಲಿ ಜಾಗವಿದೆ, ಹಾಗೆಯೇ ಹೋಗಲು ಬಿಟ್ಟವರು ಯಾರು ಎಂಬ ಪ್ರಶ್ನೆಗೂ. ಜಗಳ, ಕಾಯಿಲೆಗಳ ವಿಷಯದಲ್ಲಿ ಇಷ್ಟು ಸರಿಯಾಗಿ ಬಳಸುವ ಪದವನ್ನು ಪ್ರಕೃತಿಯ ಪಕ್ಕ ಇಟ್ಟೊಡನೆ ‘ಯಾರೂ ಏನೂ ಮಾಡುವಂತಿರಲಿಲ್ಲ’ ಎಂದು ಓದುವುದು ಏಕೆ?

ಪ್ರತಿ ವರ್ಷ ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ ತುಂಬಿ ತ್ರಿವೇಣಿ ಸಂಗಮ ಮುಳುಗುವುದು ವಿಕೋಪವಲ್ಲ. ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದಲ್ಲಿ ಹೊಳೆ ಗದ್ದೆಗೆ ಹತ್ತದಿದ್ದರೆ ಆ ವರ್ಷವೇ ಏನೋ ಸರಿಯಿಲ್ಲ ಎಂದು ಊರವರು ಹೇಳುತ್ತಾರೆ. ಅದು ಪ್ರವಾಹ, ಅಷ್ಟೆ. ರಸ್ತೆ ಮೇಲೆ ನೀರು ಬಂದ ಫೋಟೊ ಸಿಕ್ಕಿದ ಮಾತ್ರಕ್ಕೆ ಅದಕ್ಕೆ ದೊಡ್ಡ ಹೆಸರು ಕಟ್ಟುವುದು ಬೇಡ.

2018ರ ಆಗಸ್ಟ್ ಮಧ್ಯದ ಸಂಗತಿ ಬೇರೆ. ಆಶ್ಲೇಷ ಮುಗಿದು ಮಘೆ ಹಿಡಿಯುವ ಆ ಎರಡು ಮೂರು ದಿನಗಳಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು ಕಡೆಯೆಲ್ಲ ಗುಡ್ಡಗಳು ಇಳಿದವು. ಮಡಿಕೇರಿಯಿಂದ ಸಂಪಾಜೆಗೆ ಹೋಗುವ ಹೆದ್ದಾರಿ ಕಡಿದುಹೋಯಿತು. ಮಳೆ ಅಸಾಧಾರಣವಾಗಿತ್ತು, ಅದರಲ್ಲಿ ತಕರಾರಿಲ್ಲ. ಜೂನ್‌ನಿಂದ ಬಿಡದೆ ಸುರಿದು ನೆಲ ಆಗಲೇ ನೀರು ಕುಡಿದು ತುಂಬಿತ್ತು. ಆಮೇಲೆ ಬಂದು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಮಳೆಯ ಜೊತೆಗೇ ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದನ್ನೂ ಎತ್ತಿ ಹೇಳಿದರು. ಹಾಗೆ ಕಡಿದ ಇಳಿಜಾರಿಗೆ ನಮ್ಮ ಕಡೆ ಒಳ್ಳೆಯ ಪದವಿದೆ, ‘ಬರೆ’. ಮನೆ ಹಿಂದಿನ ಬರೆ, ರಸ್ತೆ ಬದಿಯ ಬರೆ. ಜೆಸಿಬಿ ತಂದು ಗುಡ್ಡದ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗಿದ್ದ ಆಸರೆ ಹೋಗುತ್ತದೆ. ನೀರು ಇಳಿದುಹೋಗುತ್ತಿದ್ದ ತೋಡನ್ನು ಅದೇ ಮಣ್ಣಿನಿಂದ ಮುಚ್ಚಿದರೆ ನೀರು ಒಳಗೇ ನಿಂತು ಮಣ್ಣಿನ ಭಾರ ಏರುತ್ತದೆ, ಕಣಕಣದ ನಡುವಿನ ಹಿಡಿತ ಸಡಿಲುತ್ತದೆ. ಕಡೆಗೆ ಕೆಸರು ನೀರು ಸಮೇತ ಗುಡ್ಡ ಒಡೆದು ಬರುವುದನ್ನು ಜನ ‘ಜಲಸ್ಫೋಟ’ ಎಂದರು. ಕಂಡವರ ಪಾಲಿಗೆ ಅದು ಸ್ಫೋಟವೇ. ಆದರೆ ಸಂಚಯ ಎಷ್ಟೋ ವರ್ಷಗಳದ್ದು.

ಕುಶಾಲನಗರದಲ್ಲಿ ನೀರು ನುಗ್ಗಿದ ಬಡಾವಣೆಗಳು ಹೊಳೆ ತುಂಬಿದಾಗ ಹರಡಿಕೊಳ್ಳುವ ತಗ್ಗಿನಲ್ಲೇ ಎದ್ದಂಥವು. ಅಲ್ಲಿ ಸೈಟು ಮಾಡಿ ಮಾರಿದವರನ್ನೂ, ಬೇರೆಲ್ಲೂ ಅಂಗೈಯಗಲ ಜಾಗ ಸಿಗದೆ ಕರಡಿಗೋಡಿನ ನದಿದಂಡೆಯಲ್ಲಿ ಗುಡಿಸಲು ಹಾಕಿಕೊಂಡ ಕೂಲಿ ಕುಟುಂಬಗಳನ್ನೂ ‘ಮಾನವ ನಿರ್ಮಿತ’ ಎಂಬ ಒಂದೇ ಮಾತಿನಲ್ಲಿ ಸೇರಿಸಿ ಬೈಯುವುದು ಅನ್ಯಾಯ. ಮಾನವ ಎಂದರೆ ಯಾವ ಮಾನವ ಎಂದು ಹೇಳಬೇಕು.

ಕಾನೂನು ಈ ವಿಷಯದಲ್ಲಿ ನಮ್ಮ ಮಾತಿಗಿಂತ ಮುಂದಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ವಿಪತ್ತಿನ ಕಾರಣಗಳನ್ನು ಹೇಳುವಾಗ ನೈಸರ್ಗಿಕ, ಮಾನವಕೃತ ಎರಡನ್ನೂ ಒಟ್ಟಿಗೆ ಇಟ್ಟು, ಅಪಘಾತ ಮತ್ತು ನಿರ್ಲಕ್ಷ್ಯವನ್ನೂ ಸೇರಿಸುತ್ತದೆ.

ಇನ್ನು ‘ಹವಾಮಾನ ವೈಪರೀತ್ಯ’. ಶಾಲೆಯ ಭೂಗೋಳದ ಪುಸ್ತಕ ಹವಾಮಾನ, ವಾಯುಗುಣ ಎರಡನ್ನು ಬೇರೆಬೇರೆಯಾಗಿಯೇ ಕಲಿಸುತ್ತದೆ. ಇವತ್ತಿನ ಮಳೆ, ಗಾಳಿ, ಸೆಕೆ ಹವಾಮಾನ. ದೀರ್ಘಕಾಲದ ಸರಾಸರಿ ನಡವಳಿಕೆ ವಾಯುಗುಣ ಅಥವಾ ಹವಾಗುಣ. ವಿಶ್ವ ಹವಾಮಾನ ಸಂಸ್ಥೆ ಅದಕ್ಕೆ ಇಟ್ಟುಕೊಂಡ ಅಳತೆ 30 ವರ್ಷ. ಕೊಡಗಿನ ಕಾಫಿ ತೋಟಗಳಲ್ಲಿ ಮಳೆಮಾಪಕ ನೋಡಿ ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ದಿನದಿನದ ಲೆಕ್ಕ ಬರೆದಿಡುವ ರೂಢಿಯಿದೆ. ಆ ಪುಸ್ತಕದ ಒಂದು ಸಾಲು ಹವಾಮಾನ, ಅಜ್ಜನಿಂದ ಮೊಮ್ಮಗನವರೆಗಿನ ಕಪಾಟು ತುಂಬ ಪುಸ್ತಕಗಳು ಹವಾಗುಣ. ಹಾಗಾಗಿ ಒಂದು ದಿನದ ವಿಪರೀತ ಮಳೆಯನ್ನು ಹವಾಮಾನ ವೈಪರೀತ್ಯ ಎನ್ನುವುದು ಸರಿಯೇ. ಆದರೆ ಬರೆಯುವವರ ಮನಸ್ಸಿನಲ್ಲಿ ಇರುವುದು ಹವಾಗುಣದ ಬದಲಾವಣೆ. ಒಂದು ಪದವನ್ನು ಎರಡಕ್ಕೂ ಹಚ್ಚಿದ ಮೇಲೆ ‘ಈ ಮಳೆಗೆ ಹವಾಗುಣ ಬದಲಾವಣೆ ಎಷ್ಟು ಕಾರಣ?’ ಎಂಬ ಅತಿ ಮುಖ್ಯವಾದ ಪ್ರಶ್ನೆಯನ್ನು ಕೇಳಲೂ ಆಗುವುದಿಲ್ಲ.

ಕೇಳಿದರೆ ಉತ್ತರವಿದೆ, ಮತ್ತು ಅದು ಹೌದು-ಅಲ್ಲ ಎಂಬಂಥದ್ದಲ್ಲ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಭೂಮಿ ಕೈಗಾರಿಕಾ ಯುಗಕ್ಕಿಂತ ಹಿಂದಿನ ಸ್ಥಿತಿಗೆ ಹೋಲಿಸಿದರೆ ಆಗಲೇ ಒಂದು ಡಿಗ್ರಿಗಿಂತ ಹೆಚ್ಚು ಕಾದಿದೆ. 2024ರ ಜುಲೈ 30ರಂದು ನಮ್ಮ ಗಡಿಯಾಚೆಯ ವಯನಾಡಿನಲ್ಲಿ ಚೂರಲ್‌ಮಲ, ಮುಂಡಕೈ ಊರುಗಳು ಕೊಚ್ಚಿಹೋದವಲ್ಲ, ಆ ದಿನದ ಮಳೆಯನ್ನು ‘ವರ್ಲ್ಡ್ ವೆದರ್ ಆ್ಯಟ್ರಿಬ್ಯೂಷನ್’ ತಂಡ ಪರೀಕ್ಷಿಸಿತು. ಬಿಸಿಯಾಗದ ಭೂಮಿಯಲ್ಲಿ ಇಂಥದೇ ಮಳೆ ಎಷ್ಟಿರುತ್ತಿತ್ತು ಎಂದು ಕಂಪ್ಯೂಟರ್ ಮಾದರಿಗಳಲ್ಲಿ ಹೋಲಿಸಿ, ಹವಾಗುಣ ಬದಲಾವಣೆ ಅದನ್ನು ಸುಮಾರು ಶೇ 10ರಷ್ಟು ಹೆಚ್ಚು ಬಿರುಸಾಗಿಸಿತ್ತು ಎಂಬ ಅಂದಾಜಿಗೆ ಬಂದಿತು. ಆ ಶೇ 10ನ್ನು ಸಣ್ಣದೆನ್ನುವವರು ನೆನೆದು ತುಂಬಿದ ಇಳಿಜಾರನ್ನು ಕಂಡಿಲ್ಲ. ಅದನ್ನೇ ಇಡೀ ಕಾರಣ ಎನ್ನುವವರು ಉಳಿದ ಭಾಗವನ್ನೂ, ಆ ಮಳೆ ಬಿದ್ದ ನೆಲವನ್ನೂ ಬಿಟ್ಟು ಮಾತಾಡುತ್ತಿದ್ದಾರೆ. ಮಧ್ಯ ಭಾರತದಲ್ಲಿ 1950ರಿಂದ 2015ರ ನಡುವೆ ವ್ಯಾಪಕವಾದ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾಗಿವೆ ಎಂಬ ಅಧ್ಯಯನವನ್ನು ಕೊಡಗಿನ ಲೆಕ್ಕವೆಂಬಂತೆ ಹಾಕುವುದನ್ನೂ ನೋಡಿದ್ದೇನೆ. ಅದು ಮಧ್ಯ ಭಾರತದ್ದು. ಪಶ್ಚಿಮ ಘಟ್ಟದ ಮಳೆಗೆ ಅದರದೇ ಲೆಕ್ಕ ಬೇಕು.

ಮನೆ ಕಳೆದುಕೊಂಡವರು ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿಯಲ್ಲಿ ‘ಪ್ರಕೃತಿ ವಿಕೋಪ’ ಎಂದೇ ಬರೆಯಲಿ. ಪರಿಹಾರ ಕೊಡುವವರ ಭಾಷೆ ಅದು, ಅಲ್ಲಿ ಪದದ ಚರ್ಚೆ ಬೇಕಿಲ್ಲ. ವರದಿ ಬರೆಯುವವರು ಮಾತ್ರ ಆ ಪದಕ್ಕೆ ಕೈ ಹಾಕುವ ಮುಂಚೆ ಆದದ್ದೇನೆಂದು ಬಿಡಿಸಿ ಬರೆಯಬೇಕು. ಹೊಳೆ ಏರಿದ್ದೋ, ಬರೆ ಜರಿದದ್ದೋ, ಗುಡ್ಡವೇ ಇಳಿದದ್ದೋ? ಎಷ್ಟು ಗಂಟೆಯಲ್ಲಿ ಎಷ್ಟು ಇಂಚು ಮಳೆ? ಆ ಬರೆ ಕಡಿದದ್ದು ಯಾವ ವರ್ಷ, ಯಾರ ಅನುಮತಿಯಿಂದ?