ಸೈನಿಕರ ಕಾಲೇಜು ಫೀಸು: ದುಡ್ಡು ಯಾರ ಕೈಗೆ ಕೊಡಬೇಕು?

ಅಮೆರಿಕದಲ್ಲಿ ಮಾಜಿ ಸೈನಿಕರನ್ನು ಸರ್ಕಾರದ ಖರ್ಚಿನಲ್ಲಿ ಓದಿಸುವ ಯೋಜನೆ ಶುರುವಾಗಿದ್ದು ಬರೀ ಪ್ರೀತಿಯಿಂದಲ್ಲ, ಭಯದಿಂದಲೂ ಹೌದು. 1932ರಲ್ಲಿ ಮೊದಲ ಮಹಾಯುದ್ಧದ ಮಾಜಿ ಸೈನಿಕರು ಬೋನಸ್ ಕೇಳಿಕೊಂಡು ವಾಷಿಂಗ್ಟನ್‌ಗೆ ಬಂದು ಬೀಡುಬಿಟ್ಟಿದ್ದರು. ಸರ್ಕಾರ ಸೇನೆಯನ್ನೇ ಕಳಿಸಿ ಅವರನ್ನು ಓಡಿಸಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಸಮವಸ್ತ್ರ ತೊಟ್ಟವರು ಸುಮಾರು 1.6 ಕೋಟಿ. ಅಷ್ಟೂ ಜನ ಕೆಲಸವಿಲ್ಲದೆ ಬೀದಿಗೆ ಬಂದರೆ ಗತಿಯೇನು?

1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಕಾಯ್ದೆಯೇ ಜಿಐ ಬಿಲ್ (ಜಿಐ ಅಂದರೆ ಅಲ್ಲಿನ ಆಡುಮಾತಿನಲ್ಲಿ ಸೈನಿಕ). ವರ್ಷಕ್ಕೆ 500 ಡಾಲರ್‌ವರೆಗೆ ಫೀಸು ನೇರವಾಗಿ ಕಾಲೇಜಿಗೆ ಹೋಗುತ್ತಿತ್ತು. ಮದುವೆಯಾಗದವರಿಗೆ ಕೈಖರ್ಚಿಗೆ ತಿಂಗಳಿಗೆ 50 ಡಾಲರ್. ಇವರೆಲ್ಲ ಬಂದರೆ ಓದಿನ ಮಟ್ಟ ಕೆಡುತ್ತದೆ ಎಂದು ಶಿಕಾಗೋ ವಿಶ್ವವಿದ್ಯಾಲಯದ ಮುಖ್ಯಸ್ಥ ರಾಬರ್ಟ್ ಹಚಿನ್ಸ್ ಗೊಣಗಿದರು. ಆಗಿದ್ದೇ ಬೇರೆ. 1947ರಲ್ಲಿ ಕಾಲೇಜು ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾಜಿ ಸೈನಿಕರೇ ಇದ್ದರು. ಓದಿನಲ್ಲೂ ಅವರು ಹಿಂದೆ ಬೀಳಲಿಲ್ಲ. ಒಟ್ಟು 22 ಲಕ್ಷ ಜನ ಈ ದುಡ್ಡಿನಲ್ಲಿ ಕಾಲೇಜು ಮೆಟ್ಟಿಲು ಹತ್ತಿದರು. ಆದರೆ ದಕ್ಷಿಣದ ರಾಜ್ಯಗಳ ಕಪ್ಪು ಸೈನಿಕರಿಗೆ ಸಿಕ್ಕಿದ್ದು ಅರೆಬರೆ. ಕಾಯ್ದೆಯಲ್ಲಿ ಬಣ್ಣದ ಮಾತಿರಲಿಲ್ಲ, ನಿಜ. ಆದರೆ ಬಿಳಿಯರ ಕಾಲೇಜುಗಳು ಬಾಗಿಲು ಹಾಕಿಕೊಂಡಿದ್ದವು. ಕಪ್ಪು ಜನರ ಕಾಲೇಜುಗಳಲ್ಲಿ ಜಾಗವೇ ಸಾಲುತ್ತಿರಲಿಲ್ಲ.

ದುಡ್ಡು ಸಿಗುತ್ತದೆ ಎಂದು ಗೊತ್ತಾದಾಗ ಕಳಪೆ ತರಬೇತಿ ಶಾಲೆಗಳೂ ಹುಟ್ಟಿಕೊಂಡವು. ಸುಮ್ನೆ ಬಿಲ್ ಬರೆದು ಸರ್ಕಾರದಿಂದ ವಸೂಲಿ ಮಾಡಿದವು. ಹಾಗಾಗಿ ಕೊರಿಯಾ ಯುದ್ಧದವರಿಗೆ 1952ರಲ್ಲಿ ಬಂದ ಕಾಯ್ದೆ ದಾರಿ ಬದಲಿಸಿತು. ಕಾಲೇಜಿಗೆ ಏನೂ ಇಲ್ಲ. ಸೈನಿಕನ ಕೈಗೇ ತಿಂಗಳಿಗೆ 110 ಡಾಲರ್. ಫೀಸು, ಬಾಡಿಗೆ, ಊಟ ಎಲ್ಲ ಅದರಲ್ಲೇ. 1966ರ ಕಾಯ್ದೆಯಲ್ಲಿ ಅದೂ 100ಕ್ಕೆ ಇಳಿಯಿತು. ವಿಯೆಟ್ನಾಂನಿಂದ ಬಂದವರು ಸಿಟ್ಟಾಗಿದ್ದರಲ್ಲಿ ತಪ್ಪೇನಿದೆ? 1984ರ ಮಾಂಟ್ಗೊಮರಿ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸೌಲಭ್ಯ ಬೇಕೆಂದರೆ ಸೈನಿಕನೇ ಮೊದಲ ವರ್ಷ ಸಂಬಳದಿಂದ 1,200 ಡಾಲರ್ ಕಟ್ಟಬೇಕಿತ್ತು.

ವಿಯೆಟ್ನಾಂನಲ್ಲಿ ಹೋರಾಡಿದ್ದ ಸೆನೆಟರ್ ಜಿಮ್ ವೆಬ್ 2008ರಲ್ಲಿ ಹೊಸ ಕಾಯ್ದೆ ತಂದು ಈ ದಾರಿಯನ್ನು ಮತ್ತೆ ತಿರುಗಿಸಿದರು. ಪೂರ್ತಿ ಸೌಲಭ್ಯಕ್ಕೆ ಅರ್ಹರಾದವರಿಗೆ ಸರ್ಕಾರಿ ಕಾಲೇಜಿನಲ್ಲಿ ಆ ರಾಜ್ಯದವರಿಗಿರುವ ಫೀಸು ಪೂರಾ ಮಾಫಿ. ಬಾಡಿಗೆಗೆ ಬೇರೆ ಭತ್ಯೆ. ಇನ್ನೂ ಸೇವೆಯಲ್ಲಿರುವವರು ಹೆಚ್ಚು ವರ್ಷ ದುಡಿಯಲು ಒಪ್ಪಿದರೆ ಈ ಸೌಲಭ್ಯವನ್ನು ಹೆಂಡತಿಗೋ ಗಂಡನಿಗೋ ಮಕ್ಕಳಿಗೋ ಬರೆದುಕೊಡಬಹುದು.

ಫೀಸು ಮತ್ತೆ ಕಾಲೇಜಿಗೆ ಹೋಗತೊಡಗಿತು, ಹಳೇ ಕಾಯಿಲೆಯೂ ಮರುಕಳಿಸಿತು. ಲಾಭಕ್ಕಾಗಿ ನಡೆಯುವ ಕಾಲೇಜುಗಳು ಆದಾಯದಲ್ಲಿ ಕನಿಷ್ಠ ಶೇ 10ರಷ್ಟನ್ನು ಕೇಂದ್ರದ ವಿದ್ಯಾರ್ಥಿ ನೆರವಿನ ಆಚೆಯಿಂದ ತರಬೇಕಿತ್ತು. ಜಿಐ ಬಿಲ್ ದುಡ್ಡನ್ನು ಆ ಶೇ 10ರಲ್ಲಿ ತೋರಿಸಬಹುದಿತ್ತು! ಹಾಗಾಗಿ ಸೈನಿಕರಿಗೆ ಜಾಸ್ತಿ ಗಾಳ ಹಾಕಿದರು. ಈ ದಾರಿ ಮುಚ್ಚುವ ಕಾನೂನು ಬಂದಿದ್ದು 2021ರಲ್ಲಿ, ಅದು ಜಾರಿಯಾಗಿದ್ದು 2023ರಿಂದ.