ಫೈರ್‌ವಾಲ್‌ನ ಹಳೆಯ ತೂತಿಗೆ ತೇಪೆ, ಕೇಬಲ್‌ಗೆ ಹೊಸ ದಾರಿ

ಮನೆಯಲ್ಲೇ ಜೋಡಿಸುವ ವಿಮಾನಗಳಲ್ಲಿ, ಅಮೆರಿಕದ ವ್ಯಾನ್ಸ್ ಕಂಪನಿಯ ಆರ್‌ವಿ ಕಿಟ್‌ಗಳನ್ನೇ ತೆಗೆದುಕೊಳ್ಳಿ, ಕಾರ್ಬ್ಯುರೇಟರ್ ಎಂಜಿನ್ ಇಳಿಸಿ ಫ್ಯುಯೆಲ್ ಇಂಜೆಕ್ಷನ್ ಎಂಜಿನ್ ಕೂರಿಸಿದರೆ ಎಂಜಿನ್ ಶಕ್ತಿ ಏರಿಳಿಸುವ ಥ್ರಾಟಲ್, ಇಂಧನ-ಗಾಳಿಯ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ತೋಳುಗಳ ಜಾಗ ಬದಲಾಗಬಹುದು. ಈ ತೋಳುಗಳ ಕೇಬಲ್ ದಾಟಿ ಬರುವುದು ಎಂಜಿನ್‌ಗೂ ಕಾಕ್‌ಪಿಟ್‌ಗೂ ನಡುವಿನ ಬೆಂಕಿತಡೆ ಗೋಡೆಯನ್ನು, ಅಂದರೆ ಫೈರ್‌ವಾಲ್ ಅನ್ನು. ಅದರಲ್ಲಿ ಇರುವ ತೂತಿನಿಂದಲೇ ಕೇಬಲ್ ಬಗ್ಗಿಸಿ ಸರಿತೂಗಿಸೋಣ ಅನ್ನಿಸುತ್ತದೆ. ಬೇಡ. ಕೇಬಲ್ ತಯಾರಕರು ಹೇಳಿದ್ದಕ್ಕಿಂತ ಬಿಗಿಯಾಗಿ ತಿರುಗಿಸಿದರೆ ಒಳತಂತಿ ಉಜ್ಜಿ ಸವೆಯುತ್ತದೆ, ಥ್ರಾಟಲ್ ಹಿಡಿದಂತಾಗುತ್ತದೆ. ಹೊಸ ತೂತು ಕೊರೆದು ಹಳೆಯದನ್ನು ಮುಚ್ಚುವುದೇ ಸರಿ.

ಮುಚ್ಚುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಅಮೆರಿಕದಲ್ಲಿ ಪ್ರಮಾಣಪತ್ರ ಪಡೆದ ವಿಮಾನಗಳ ಫೈರ್‌ವಾಲ್‌ಗೆ ಇದ್ದ ಅಳತೆಗೋಲು ಇದು: 2000 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 1093 ಡಿಗ್ರಿ ಸೆಲ್ಸಿಯಸ್ ಜ್ವಾಲೆಯನ್ನು 15 ನಿಮಿಷ ತಡೆಯಬೇಕು. ಸ್ಟೇನ್‌ಲೆಸ್ ಉಕ್ಕು ಆದರೆ ಕನಿಷ್ಠ 0.015 ಇಂಚು ದಪ್ಪ. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಈ ನಿಯಮ ಕಡ್ಡಾಯವಲ್ಲ, ಬೆಂಕಿಗೆ ಮಾತ್ರ ಆ ವ್ಯತ್ಯಾಸ ತಿಳಿಯದು. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಸ್ಟೇನ್‌ಲೆಸ್ ತೇಪೆಯನ್ನು ಅಲ್ಯೂಮಿನಿಯಂ ಪಾಪ್ ರಿವೆಟ್‌ನಿಂದ ಬಡಿದರೆ ರಿವೆಟ್ ಕರಗಿ ತೇಪೆ ಕಳಚಿ ಬೀಳುತ್ತದೆ. ಅಂಗಡಿಯ ಕೆಂಪು ಸಿಲಿಕೋನ್ ತಡೆಯುವುದು ಸುಮಾರು 300 ಡಿಗ್ರಿಯನ್ನಷ್ಟೇ. ಪಿಆರ್-812ನಂಥ, ಫೈರ್‌ವಾಲ್‌ಗೆಂದೇ ತಯಾರಾದ ಸೀಲಂಟ್ (ಸಂದಿ ಮುಚ್ಚುವ ಅಂಟು) ಬಳಸಿ.

25 ಮಿ.ಮೀ. ತೂತಿಗೆ 304 ದರ್ಜೆಯ ಸ್ಟೇನ್‌ಲೆಸ್ ತಗಡಿನಲ್ಲಿ 56 ಮಿ.ಮೀ. ವ್ಯಾಸದ ಬಿಲ್ಲೆ ಕತ್ತರಿಸಿ. ದಪ್ಪ ಫೈರ್‌ವಾಲ್‌ಗಿಂತ ಕಡಿಮೆ ಬೇಡ. 40 ಮಿ.ಮೀ. ವ್ಯಾಸದ ವೃತ್ತದ ಮೇಲೆ 3.2 ಮಿ.ಮೀ.ನ ಎಂಟು ರಿವೆಟ್ ಗುರುತಿಸಿ. ಹೀಗಾದರೆ ತೂತಿನ ಅಂಚಿನಿಂದಲೂ ಬಿಲ್ಲೆಯ ಅಂಚಿನಿಂದಲೂ ರಿವೆಟ್ ವ್ಯಾಸದ ಎರಡು ಪಟ್ಟಿಗಿಂತ ಹೆಚ್ಚು ದೂರ ಉಳಿಯುತ್ತದೆ. ರಿವೆಟ್ ಸ್ಟೇನ್‌ಲೆಸ್ ಅಥವಾ ಮೋನೆಲ್‌ನದು (ನಿಕಲ್-ತಾಮ್ರದ ಮಿಶ್ರಲೋಹ). ಸ್ಟೇನ್‌ಲೆಸ್ ಕೊರೆಯಲು ಕೋಬಾಲ್ಟ್ ಬಿಟ್, ಎಣ್ಣೆ, ಕಡಿಮೆ ವೇಗ, ಬಲವಾದ ಒತ್ತಡ. ಬಿಟ್ ಜಾರುತ್ತಾ ಸುಮ್ಮನೆ ತಿರುಗಿದರೆ ಆ ಜಾಗದ ಲೋಹ ಗಡುಸಾಗಿಬಿಡುತ್ತದೆ, ಆಮೇಲೆ ಹೊಸ ಬಿಟ್ ಕೂಡ ಮೊಂಡಾಗುತ್ತದೆ. 304ರ ಚೂರುಗಳು ಆಯಸ್ಕಾಂತಕ್ಕೆ ಸರಿಯಾಗಿ ಅಂಟುವುದಿಲ್ಲ. ಹಿಂದಿರುವ ವೈರಿಂಗ್ ಮುಚ್ಚಿಟ್ಟು, ಕೊನೆಗೆ ವ್ಯಾಕ್ಯೂಮ್‌ನಿಂದ ಎಳೆಯಿರಿ.

ಬಿಲ್ಲೆಯೂ ಫೈರ್‌ವಾಲೂ ಒಂದಕ್ಕೊಂದು ತಾಗುವ ಎರಡೂ ಮುಖಗಳನ್ನು ಸ್ಕಾಚ್‌ಬ್ರೈಟ್ ಪ್ಯಾಡ್‌ನಿಂದ ಉಜ್ಜಿ, ಅಸಿಟೋನ್‌ನಿಂದ ಒರೆಸಿ, ನಡುವೆ ಸೀಲಂಟ್ ತೆಳುವಾಗಿ ಹಚ್ಚಿ ಎಂಜಿನ್ ಕಡೆಯಿಂದ ಬಿಲ್ಲೆ ಕೂರಿಸಿ. ಪಾಪ್ ರಿವೆಟ್‌ನ ನಡುಗೂಟ ಉದುರಿದರೆ ಅಲ್ಲೇ ಒಂದು ಸಣ್ಣ ತೂತು; ಮುಚ್ಚಿದ ತುದಿಯ ರಿವೆಟ್ ಸಿಕ್ಕರೆ ಅದನ್ನೇ ಬಳಸಿ. ತೂತು ಬಲಪಡಿಸುವ ಆಂಗಲ್‌ನ ಮೇಲೋ ಎಂಜಿನ್ ಹೊರುವ ಕೊಳವೆ ಚೌಕಟ್ಟು, ಅಂದರೆ ಎಂಜಿನ್ ಮೌಂಟ್ ಕೂರುವ ಮೂಲೆಯಲ್ಲೋ ಇದ್ದರೆ ಇದು ಬರೀ ತೇಪೆಯ ವಿಷಯವಲ್ಲ, ಕಿಟ್ ತಯಾರಕರನ್ನು ಕೇಳಲೇಬೇಕು.

ಹೊಸ ತೂತನ್ನು ನಕ್ಷೆ ನೋಡಿ ಕೊರೆಯಬೇಡಿ. ಎಂಜಿನ್ ಕೂರಿಸಿಯೇ ನೋಡಬೇಕು. ವೆಲ್ಡಿಂಗ್ ಕಡ್ಡಿಯೊಂದನ್ನು ಥ್ರಾಟಲ್ ತೋಳಿನಿಂದ ಪ್ಯಾನೆಲ್‌ನತ್ತ ಕೇಬಲ್ ಬಗ್ಗುವಂತೆಯೇ ಬಗ್ಗಿಸಿ ಹಿಡಿಯಿರಿ, ತೋಳನ್ನು ಎರಡೂ ತುದಿಗೆ ತಿರುಗಿಸಿ. ಒಳಗಡೆ ರಡ್ಡರ್ ಪೆಡಲ್‌ಗಳನ್ನು ಪೂರ್ತಿ ಒತ್ತಿ ಕೇಬಲ್‌ಗೆ ತಾಗುವುದೇ ನೋಡಿ. ಎಂಜಿನ್ ನಿಲ್ಲಿಸುವಾಗ ಜೋರಾಗಿ ಅಲುಗುತ್ತದೆ, ಆದ್ದರಿಂದ ಮೌಂಟ್ ಕೊಳವೆಗೆ ಕೇಬಲ್ ಅಂಟಿಕೊಂಡಿರಬಾರದು.

ಕೇಬಲ್ ದಾಟುವಲ್ಲಿ ಉಕ್ಕಿನ ಐಬಾಲ್ ಫಿಟಿಂಗ್ ಹಾಕಿ. ಗುಂಡು ತಿರುಗಿ ಕೇಬಲ್‌ನ ಓರೆಗೆ ಹೊಂದಿಕೊಳ್ಳುತ್ತದೆ. ಅದೇ ಆಕಾರದ ಅಲ್ಯೂಮಿನಿಯಂ ಫಿಟಿಂಗ್ ಅಗ್ಗಕ್ಕೆ ಸಿಗುತ್ತದೆ, ನನ್ನ ಮಟ್ಟಿಗೆ ಅದು ದುಡ್ಡು ಉಳಿಸುವ ಜಾಗವಲ್ಲ. ವೈರ್ ಕಟ್ಟಿಗೆ ರಬ್ಬರ್ ಗ್ರೋಮೆಟ್ ಒಂದೇ ಸಾಲದು: ಫ್ಲೇಂಜ್ ಇರುವ ಚಿಕ್ಕ ಸ್ಟೇನ್‌ಲೆಸ್ ಕೊಳವೆ, ಒಳಗೆ ಬೆಂಕಿ ತಡೆಯುವ ಪುಟ್ಟಿ, ಮೇಲೆ ಬೆಂಕಿ ತಡೆಯುವ ಹೊದಿಕೆಯಾದ ಫೈರ್‌ಸ್ಲೀವ್, ಅದಕ್ಕೆ ಸ್ಟೇನ್‌ಲೆಸ್ ಕ್ಲಾಂಪ್.

ಸೀಲಂಟ್ ಗಟ್ಟಿಯಾದ ಮೇಲೆ ಕತ್ತಲಲ್ಲಿ ಎಂಜಿನ್ ಕಡೆ ಪ್ರಖರ ದೀಪ ಹಿಡಿಸಿ, ಕಾಕ್‌ಪಿಟ್‌ನಲ್ಲಿ ತಲೆ ತೂರಿಸಿ ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಗುರುತು ಹಾಕಿ ತುಂಬಿ. ಹಾರುವಾಗ ಕ್ಯಾಬಿನ್ ಒತ್ತಡ ಸಾಮಾನ್ಯವಾಗಿ ಎಂಜಿನ್ ಮುಚ್ಚುವ ಕೌಲಿಂಗ್‌ನ ಒಳಗಿಗಿಂತ ಕಡಿಮೆ, ಹಾಗಾಗಿ ಬೆಂಕಿಯೇ ಇಲ್ಲದಿದ್ದರೂ ಆ ಸಂದಿಯಿಂದ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರಬಹುದು.