ಕ್ವೆನ್ಯ ಕಲಿಯುವವರಿಗೆ: ವಿಭಕ್ತಿ ನಮಗೆ ಸಲೀಸು, ಆದರೂ ಹುಷಾರು

ಇಂಗ್ಲಿಷ್ ಲೇಖಕ ಟೋಲ್ಕಿನ್ ತನ್ನ ಕಥೆಗಳ ಎಲ್ವ್‌ಗಳಿಗಾಗಿ (ಸಾವಿಲ್ಲದ ಒಂದು ಕಾಲ್ಪನಿಕ ಜನಾಂಗ) ಕಟ್ಟಿದ ಭಾಷೆಗಳಲ್ಲಿ ಮುಖ್ಯವಾದವು ಎರಡು: ಕ್ವೆನ್ಯ ಮತ್ತು ಸಿಂದಾರಿನ್. ಈ ಟಿಪ್ಪಣಿ ಕ್ವೆನ್ಯದ ಬಗ್ಗೆ. ಸಿಗುವ ಪಾಠಗಳು ಹೆಚ್ಚಾಗಿ ಇಂಗ್ಲಿಷ್ ಮಾತಾಡುವವರಿಗೆ ಅಂತ ಬರೆದವು. ನಾಮಪದದ ಕೊನೆಗೆ ಪ್ರತ್ಯಯ ಸೇರುತ್ತದೆ ಅನ್ನೋದನ್ನೇ ಅವು ಉದ್ದಕ್ಕೆ ವಿವರಿಸುತ್ತವೆ. ಮನೆಗೆ, ಮನೆಯಿಂದ, ಮನೆಯಲ್ಲಿ ಅಂತ ದಿನವಿಡೀ ಆಡುವ ನಮಗೆ ಅಷ್ಟೆಲ್ಲ ಬೇಕಿಲ್ಲ. ನಾವು ಎಡವುವ ಜಾಗಗಳೇ ಬೇರೆ.

ಮೊದಲು ಸ್ವಲ್ಪ ಹಿನ್ನೆಲೆ. ಆಕ್ಸ್‌ಫರ್ಡ್‌ನಲ್ಲಿ ಓದುವಾಗ ಟೋಲ್ಕಿನ್ ಕೈಗೆ ಒಂದು ಫಿನ್ನಿಶ್ ವ್ಯಾಕರಣ ಸಿಕ್ಕಿತು. ಆ ಭಾಷೆಯ ನಾದಕ್ಕೆ ಅವರು ಮರುಳಾದರು. 1915ರ ಹೊತ್ತಿಗೆ ಕ್ವೆನ್ಯದ ಮೊದಲ ಪದಕೋಶ ಬರೆಯಲು ಶುರುಮಾಡಿದ್ದರು. ಅವರ ದೊಡ್ಡ ಕಾದಂಬರಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಅಚ್ಚಾಗಿದ್ದು 1954-55ರಲ್ಲಿ. ಅಂದರೆ ಕಥೆಗೋಸ್ಕರ ಭಾಷೆ ಹುಟ್ಟಲಿಲ್ಲ, ಭಾಷೆಗೆ ಒಂದು ಲೋಕ ಬೇಕು ಅಂತ ಕಥೆ ಹುಟ್ಟಿತು. ಫಿನ್ನಿಶ್ ಕೂಡ ನಮ್ಮ ಹಾಗೆ ಪ್ರತ್ಯಯಗಳನ್ನು ಸೇರಿಸುತ್ತಾ ಹೋಗುವ ಭಾಷೆ. ಕ್ವೆನ್ಯ ನಮಗೆ ಪರಿಚಿತ ಅನ್ನಿಸೋದು ಅದಕ್ಕೇ.

ಈಗ ಒಂದು ವಾಕ್ಯ ಬಿಡಿಸೋಣ. ಕಡಲು ದಾಟಿ ಬಂದ ದೊರೆ ಎಲೆಂದಿಲ್ ದಡಕ್ಕೆ ಕಾಲಿಟ್ಟಾಗ ಆಡಿದ ಮಾತು:

ಎತ್ ಎಅರೆಲ್ಲೊ ಎಂದೊರೆನ್ನ ಉತೂಲಿಯೆನ್.

'ಎಅರ್' ಅಂದರೆ ಮಹಾಸಾಗರ, '-ಲ್ಲೊ' ಅಂದರೆ 'ಇಂದ'. ನಡುವೆ ಬಂದ 'ಎ' ನಮ್ಮ ಆಗಮ ಸಂಧಿಯ ಥರ, ಉಚ್ಚಾರಕ್ಕೆ ಅನುಕೂಲ ಅಷ್ಟೆ. 'ಎಂದೊರ್' ನಡುನಾಡು, ಕಥೆಯಲ್ಲಿ ಬರುವ ಮಿಡ್ಲ್ ಅರ್ತ್. ಅದಕ್ಕೆ '-ನ್ನ' ಸೇರಿದರೆ 'ನಡುನಾಡಿಗೆ'. ಇನ್ನು 'ಉತೂಲಿಯೆನ್'. ಧಾತು 'ತುಲ್', ಅಂದರೆ ಬರು. ಅದರ ಸ್ವರ 'ಉ' ಒಮ್ಮೆ ಮುಂದೆ ಬಂದು ಕೂರುತ್ತದೆ, ಒಳಗಿನ ಸ್ವರ ದೀರ್ಘವಾಗುತ್ತದೆ, ಕೊನೆಗೆ '-ಇಯೆ' ಬರುತ್ತದೆ: ಉ-ತೂಲ್-ಇಯೆ. ಕೆಲಸ ಮುಗಿದಿದೆ ಅನ್ನೋದಕ್ಕೆ ಇದು ಗುರುತು. ಕೊನೆಯ 'ನ್' ಅಂದರೆ 'ನಾನು'. ಒಟ್ಟು ಅರ್ಥ: ಮಹಾಸಾಗರದಿಂದ ನಡುನಾಡಿಗೆ ಬಂದಿದ್ದೇನೆ. ಪದಗಳ ಸಾಲೂ ನಮ್ಮದೇ, ಅಲ್ವಾ? ಮೊದಲಿನ 'ಎತ್' ಮಾತ್ರ ಹೆಚ್ಚಿನದು. 'ಹೊರಗೆ' ಅನ್ನೋದನ್ನು ಒತ್ತಿ ಹೇಳುತ್ತದೆ.

ಒತ್ತು ಎಲ್ಲಿ ಕೊಡಬೇಕು ಅನ್ನೋದಕ್ಕೆ ಶಾಲೆಯಲ್ಲಿ ಕಲಿತ ಗುರು-ಲಘು ಸಾಕು. ಕೊನೆಯಿಂದ ಎರಡನೇ ಅಕ್ಷರ ಗುರುವಾದರೆ ಒತ್ತು ಅದರ ಮೇಲೆ. ಲಘುವಾದರೆ ಅದರ ಹಿಂದಿನದರ ಮೇಲೆ. 'ಎಅರೆಲ್ಲೊ'ದಲ್ಲಿ 'ರೆ' ಆದಮೇಲೆ ಒತ್ತಕ್ಷರ ಇದೆ, ಹಾಗಾಗಿ ಅದು ಗುರು, ಒತ್ತು ಅಲ್ಲೇ. 'ಉತೂಲಿಯೆನ್'ನಲ್ಲಿ 'ಲಿ' ಲಘು, ಆದ್ದರಿಂದ ಒತ್ತು 'ತೂ' ಮೇಲೆ. ಎರಡೇ ಅಕ್ಷರದ ಪದವಾದರೆ ಮೊದಲನೆಯದಕ್ಕೆ. ಛಂದಸ್ಸಿನ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ನಮ್ಮ ಮೇಷ್ಟ್ರು ಕನಸಲ್ಲೂ ಅಂದುಕೊಂಡಿರಲಿಕ್ಕಿಲ್ಲ.

ಈಗ ಎಡವುವ ಜಾಗಗಳು. ನಮ್ಮ 'ಇಂದ' ಎರಡು ಕೆಲಸ ಮಾಡುತ್ತದೆ. 'ಕಡಲಿನಿಂದ ಬಂದೆ' ಅಂತಲೂ ಹೇಳುತ್ತೇವೆ, 'ಗಾಳಿಯಿಂದ ಎಲೆ ಉದುರಿತು' ಅಂತಲೂ ಹೇಳುತ್ತೇವೆ. ಕ್ವೆನ್ಯದಲ್ಲಿ ಮೊದಲನೆಯದಕ್ಕೆ '-ಲ್ಲೊ', ಎರಡನೆಯದಕ್ಕೆ '-ನೆನ್'. ಗಾಳಿ 'ಸೂರೆ', ಗಾಳಿಯಿಂದ 'ಸೂರಿನೆನ್'. ಇಲ್ಲಿ 'ಸೂರಿಲ್ಲೊ' ಅಂದರೆ ಎಲೆ ಗಾಳಿಯೊಳಗಿಂದ ಹೊರಟು ಬಂತು ಅಂತಾಗುತ್ತದೆ. 'ಗೆ' ಕೂಡ ಹಾಗೇ. ಊರಿಗೆ ಹೋಗು ಅನ್ನುವ ಕಡೆ '-ನ್ನ', ಒಬ್ಬರಿಗೆ ಕೊಡು ಅನ್ನುವ ಕಡೆ ಬರೀ '-ನ್'. ಅಂದಹಾಗೆ ಕ್ವೆನ್ಯದಲ್ಲಿ 'ನಿನ್' ಅಂದರೆ 'ನನಗೆ'. ಇದು ತಲೆಗೆ ಹೋಗೋಕೆ ಸ್ವಲ್ಪ ಸಮಯ ಬೇಕು.

ಬಹುವಚನದಲ್ಲಿ ಇನ್ನೂ ಜಾಸ್ತಿ ಗೊಂದಲ. ನಾವು ಯಾವಾಗಲೂ 'ಹಡಗು-ಗಳು-ಗೆ' ಅನ್ನುವ ಸಾಲಿನಲ್ಲೇ ಹೋಗುತ್ತೇವೆ: ಮೊದಲು ಬಹುವಚನ, ಆಮೇಲೆ ವಿಭಕ್ತಿ. ಕ್ವೆನ್ಯದಲ್ಲಿ ಹಡಗು 'ಕಿರ್ಯ', ಹಡಗುಗಳು 'ಕಿರ್ಯರ್'. ಹಡಗುಗಳ ಕಡೆಗೆ ಅನ್ನಬೇಕಾದರೆ 'ಕಿರ್ಯನ್ನರ್'. ವಿಭಕ್ತಿ ಮೊದಲು, ಬಹುವಚನದ 'ರ್' ಕೊನೆಗೆ! ಆದರೆ 'ಹಡಗುಗಳ ಮೂಲಕ' ಅನ್ನುವಾಗ 'ಕಿರ್ಯ-ಇ-ನೆನ್', ಅಂದರೆ ನಮ್ಮ ಕ್ರಮವೇ. ಇದಕ್ಕೆ ಅಡ್ಡದಾರಿ ಇಲ್ಲ, ಸುಮ್ನೆ ಬಾಯಿಪಾಠ ಮಾಡಿ. ವಿಶೇಷಣವೂ ಬಹುವಚನವಾಗುತ್ತದೆ ಅನ್ನೋದನ್ನು ಮರೆಯಬೇಡಿ. ಹೊನ್ನಿನ ಬಣ್ಣದ ಅನ್ನೋದಕ್ಕೆ 'ಲೌರೆಅ', ಆದರೆ ಹೊಂಬಣ್ಣದ ಎಲೆಗಳು 'ಲೌರಿಯೆ ಲಸ್ಸಿ'.

ತುಳು ಬಲ್ಲವರಿಗೆ ಒಂದು ಲಾಭ ಇದೆ. ಎಲ್ವ್‌ಗಳು ಭೇಟಿಯಾದಾಗ ಹೇಳುವ ಪ್ರಸಿದ್ಧ ಮಾತು 'ಎಲೆನ್ ಸೀಲ ಲೂಮೆನ್ನ್ ಒಮೆಂತಿಯೆಲ್ವೊ': ನಮ್ಮ ಭೇಟಿಯ ಗಳಿಗೆಯ ಮೇಲೆ ನಕ್ಷತ್ರ ಹೊಳೆಯುತ್ತಿದೆ. ಕಾದಂಬರಿಯ ಮೊದಲ ಆವೃತ್ತಿಯಲ್ಲಿ ಕೊನೆಯ ಪದ 'ಒಮೆಂತಿಯೆಲ್ಮೊ' ಅಂತಿತ್ತು. ಎರಡನೇ ಆವೃತ್ತಿಯಲ್ಲಿ ಟೋಲ್ಕಿನ್ 'ಲ್ಮ' ತೆಗೆದು 'ಲ್ವ' ಹಾಕಿದರು. ಅವರ ನಂತರದ ಲೆಕ್ಕದಲ್ಲಿ 'ಲ್ಮ' ಅಂದರೆ ಕೇಳುವವರನ್ನು ಬಿಟ್ಟು ನಾವು, 'ಲ್ವ' ಅಂದರೆ ಕೇಳುವವರೂ ಸೇರಿ ನಾವು. ತುಳುವಿನ 'ಎಂಕುಲು' ಮತ್ತು 'ನಮ' ಇದೇ ಭೇದ. ಇಂದಿನ ಕನ್ನಡದಲ್ಲಿ ಎರಡಕ್ಕೂ 'ನಾವು' ಒಂದೇ ಇರೋದರಿಂದ ಕನ್ನಡ ಮಾತ್ರ ಬಲ್ಲವರು ಪ್ರತಿಸಲ ನಿಂತು ಯೋಚಿಸಬೇಕು.

ಲಿಪಿಯ ವಿಷಯ ಬೇಗ ಮುಗಿಯುತ್ತದೆ. ಕ್ವೆನ್ಯ ಬರೆಯಲು ಟೋಲ್ಕಿನ್ ಕಟ್ಟಿದ ಲಿಪಿ ತೆಂಗ್ವಾರ್. ಅದರ ಅಕ್ಷರಗಳನ್ನು ಬಾಯಲ್ಲಿ ಹುಟ್ಟುವ ಜಾಗದ ಪ್ರಕಾರ ಸಾಲು ಮಾಡಿದ್ದಾರೆ, ನಮ್ಮ ವರ್ಗಾಕ್ಷರಗಳ ಹಾಗೆ. ಕ್ವೆನ್ಯ ಬರೆಯುವಾಗ ಸ್ವರಚಿಹ್ನೆ ಅದರ ಹಿಂದಿನ ವ್ಯಂಜನದ ಮೇಲೆ ಕೂರುತ್ತದೆ, ಕಾಗುಣಿತದಂತೆಯೇ. ಒಂದೇ ವ್ಯತ್ಯಾಸ: 'ಅ'ಕಾರಕ್ಕೂ ಮೂರು ಚುಕ್ಕಿಯ ಚಿಹ್ನೆ ಇದೆ. ಸಿಂದಾರಿನ್‌ನಲ್ಲಿ ಇದು ತಿರುಗುಮುರುಗು, ಸ್ವರ ಮುಂದಿನ ವ್ಯಂಜನದ ಮೇಲೆ ಹೋಗುತ್ತದೆ. ಎರಡನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ.

ಪದ ಹುಡುಕುವಾಗ ಅದು ಯಾವ ಕಾಲದ ಹಸ್ತಪ್ರತಿಯದು ಅಂತ ನೋಡಿಕೊಳ್ಳಿ. 1973ರಲ್ಲಿ ತೀರಿಕೊಳ್ಳುವ ತನಕ ಟೋಲ್ಕಿನ್ ಈ ಭಾಷೆಯನ್ನು ತಿದ್ದುತ್ತಲೇ ಇದ್ದರು. 1915ರ ಪದಕ್ಕೆ 1960ರ ದಶಕದ ಪ್ರತ್ಯಯ ಹಚ್ಚಿದರೆ ವಾಕ್ಯವೇನೋ ಆಗುತ್ತದೆ, ಆದರೆ ಟೋಲ್ಕಿನ್ ಬದುಕಿನ ಯಾವ ಘಟ್ಟದಲ್ಲೂ ಅದು ಕ್ವೆನ್ಯ ಆಗಿರಲಿಲ್ಲ.